ಮುಂದ ಹೋಗಿ ನೋಡಿ ಬಂದಾಂವ

ಕುರಿಹಿಂಡನ್ನು ಹೊಳೆಯತ್ತ ತಿರುಗಿಸಲು ಸಿದ್ದರಾಯ ಎತ್ತಿದ ಕೋಲು ಎತ್ತಿದಂತೆಯೇ ನಿಂತಿತು. ದಾಟಬಹುದು ಎಂದು ಈಗಷ್ಟೇ ಹೇಳಿದ್ದ ಮೊಮ್ಮಗಳ ಫೋನಿನ ಎಐ ಮಾತು ಬದಲಿಸಿತ್ತು.

"ತಡಿ ಮುತ್ಯಾ," ಎಂದಳು ಕಾಜಲ. "ಮೊದಲ ಅದು ತನಗ ಗೊತ್ತಿದ್ದಷ್ಟ ಹೇಳಿತ್ತು. ಇವತ್ತಿನ ಸುದ್ದಿ ಹುಡುಕಿ ನೋಡು ಅಂದ್ನಿ. 'ನಾ ಹೇಳಿದ್ದು ತಪ್ಪು, ಮುರಗೂಡ ಹಾದಿ ಸೇತುವೆ ಮ್ಯಾಲ ಮುಂಜಾನಿಂದ ನೀರು ಬಂದೈತಿ' ಅನ್ನಾಕತ್ತೈತಿ. ಸುದ್ದಿ ಎಲ್ಲಿ ಸಿಕ್ತು ಅನ್ನೂದೂ ತೋರಿಸೈತಿ."

ಸಿದ್ದರಾಯ ಕೋಲು ಇಳಿಸಿದ. ಹಿಂಡು ಎಬ್ಬಿಸುವ ಮುಂಚೆ ಒಬ್ಬ ಹೋಗಿ ಹಾದಿ ನೋಡಿ ಬರುವುದು ಅವರ ಪದ್ಧತಿ. ಬಂದವನಿಗೆ ಹಿರಿಯನ ಕಂಬಳಿಯ ಮೇಲೆ ಜಾಗ. ನೋಡದೆಯೇ ನೋಡಿದೆ ಅಂದವರನ್ನು ಅವನು ಭಾಳ ಕಂಡಿದ್ದ. ತಪ್ಪಾಯಿತೆಂದು ತಾವಾಗಿ ಒಪ್ಪಿದವರು ಒಬ್ಬರೂ ಇರಲಿಲ್ಲ.

ಹೆಗಲ ಮೇಲಿನ ಕಂಬಳಿ ಹಾಸಿ ಅವನು ಫೋನಿನತ್ತ ಕೈ ಮಾಡಿದ.

"ಅದನ್ನ ಇಲ್ಲಿ ಕುಂದ್ರಸು, ಯವ್ವಾ."