ಬಾಗಿಲಲ್ಲಿ ಓದಿದ ತೀರ್ಪು

ಊರಿನವರ ಮತವನ್ನು ನ್ಯಾಯಾಲಯ ರದ್ದು ಮಾಡಿದರೆ, ಮತ ಹಾಕಿದವರೆಲ್ಲ ಒಬ್ಬೊಬ್ಬರಾಗಿ ನೊಂದವರ ಬಾಗಿಲಿಗೆ ಹೋಗಿ ತೀರ್ಪನ್ನು ಗಟ್ಟಿಯಾಗಿ ಓದಬೇಕಿತ್ತು. ಹೆರಿಗೆಯಲ್ಲಿ ಕೂಸೊಂದು ಸತ್ತಿತೆಂಬ ದೂರಿನ ಮೇಲೆ ನರ್ಸ್ ಸುಗುಣಾಬಾಯಿಯನ್ನು ಊರು ಬಿಡಿಸಲು ಫೋನಿನಲ್ಲಿ ಮತ ಒತ್ತಿದ್ದ ನಾಲ್ಕು ಸಾವಿರ ಜನರಲ್ಲಿ ಬಟ್ಟೆ ಹೊಲಿಯುವ ಗುರುಬಸವ್ವನೂ ಒಬ್ಬಳು. ಆ ಮತ ರದ್ದಾಗಿ ಓದು ಶುರುವಾದ ಒಂಬತ್ತನೆಯ ದಿನ ಅವಳ ಸರದಿ ಬಂತು.

"ಕೂಸು ಸತ್ತಿದ್ದರಲ್ಲಿ ಇವರ ತಪ್ಪೇನೂ ಇಲ್ಲ" ಎಂದು ಅವಳು ಓದಿದಳು.

ಸುಗುಣಾಬಾಯಿ ಅವಳನ್ನು ಗುರುತು ಹಿಡಿದರು. "ನಿನ್ನ ಹೆರಿಗಿ ನಾನೇ ಮಾಡಿಸಿದ್ದೆ. ಮಗಳು ಹೆಂಗದಾಳವಾ?"

"ಚಲೋ ಅದಾಳ್ರಿ."

"ನನ್ನ ಮ್ಯಾಲಿನ ದೂರು ಓದಿದ್ದಿಯೇನು?"

"ಇಲ್ರಿ ಸಿಸ್ಟರ್. ಎಲ್ಲಾರೂ ಒತ್ತಿದ್ರು, ನಾನೂ ಒತ್ತಿದೆ."

ಸುಗುಣಾಬಾಯಿ ಸಾಲಿನ ಮುಂದಿನವನತ್ತ ತಿರುಗಿದರು. ಕ್ಷಮೆ ಕೇಳಬೇಕೆಂದು ತೀರ್ಪಿನಲ್ಲಿ ಬರೆದಿರಲಿಲ್ಲ. ಆದರೂ ಕೇಳಲೆಂದು ಗುರುಬಸವ್ವ ತಲೆ ಎತ್ತುವಷ್ಟರಲ್ಲಿ, ಹಿಂದೆ ನಿಂತಿದ್ದವನು ಓದತೊಡಗಿದ್ದ.