ಮೋನಪ್ಪನ ಗಾಳಿತಡೆ

ಇದು ನಡೆದ ಸಂಗತಿ. ಒಂದಕ್ಷರ ಸುಳ್ಳಾದರೂ ಇನ್ನು ಮೇಲೆ ಮುಂಬಯಿಯ ಲೋಕಲ್ ರೈಲಿನಲ್ಲಿ ನನಗೆ ಕಿಟಕಿ ಸೀಟು ಸಿಗದೇ ಹೋಗಲಿ. ಇದುವರೆಗೂ ಸಿಕ್ಕಿಲ್ಲ, ಅದು ಬೇರೆ ಮಾತು.

ಗ್ರಾಂಟ್ ರೋಡಿನ ಕಾರು ಸಾಮಾನಿನ ಅಂಗಡಿಯಲ್ಲಿ, ತೂಗುಹಾಕಿದ ಸೀಟ್ ಕವರುಗಳ ಹಿಂದೆ ಹರಿಣಿ ಅಡಗಿ ನಿಂತಿದ್ದಳು. ಮೂಗಿಗೆ ರೆಕ್ಸಿನ್ ವಾಸನೆ, ಕಿವಿಗೆ ಗಂಡನ ದನಿ.

ಗಂಡ ಮೋನಪ್ಪನದು ಸಯನ್‌ನಲ್ಲಿ ಹೋಟೆಲು. ಮದುವೆಯಾದಾಗಿನಿಂದ ಒಂದೇ ಸ್ಕೂಟರಿನಲ್ಲಿ ತಿರುಗಿದ ಮನುಷ್ಯ ಮೊನ್ನೆ ಯಾರಿಗೂ ಹೇಳದೆ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದ. ಸೆಕೆಂಡ್ ಹ್ಯಾಂಡು, ಎರಡೇ ಸೀಟು, ತಲೆ ಮೇಲಿನ ಮಾಡು ಮಡಚಿ ಹಿಂದಕ್ಕಿಡುವಂಥದ್ದು. ಹೋಟೆಲಿನ ಹಿಂದೆ ಟಾರ್ಪಾಲಿನಡಿ ಅಡಗಿಸಿಟ್ಟಿದ್ದ. ಆಮೇಲೆ ಅವನ ಅಂಗಿಯ ಕಾಲರಿನಲ್ಲಿ ಕೆಂಪು ಬಣ್ಣ, ತೋಳಿನಲ್ಲಿ ಕಾಡಿಗೆ. ಹರಿಣಿಗೆ ಇನ್ನೇನು ಬೇಕು? ಹಿಂಬಾಲಿಸಿ ಬಂದಿದ್ದಳು.

ಅಂಗಡಿಯ ಚೇತನ ಬಗೆಬಗೆಯ ಗಾಳಿತಡೆಗಳನ್ನು ಮೇಜಿನ ಮೇಲೆ ಹರಡಿದ. ಒಂದು ಬಲೆಯದು, ಒಂದು ಗಾಜಿನಂಥ ಪ್ಲಾಸ್ಟಿಕ್ಕಿನದು, ಕಿಟಕಿಯ ಪಕ್ಕಕ್ಕೆ ಚಿಕ್ಕ ಎರಡು.

"ಅಂಕಲ್, ಓಪನ್ ಗಾಡಿಯಲ್ಲಿ ಹವಾ ಎದುರಿಂದ ಹೊಡೆಯೋದಿಲ್ಲ. ಮೇಲಿಂದ ಹೋಗಿ, ಹಿಂದಿನಿಂದ ತಿರುಗಿ ಬಂದು ಕುತ್ತಿಗೆಗೆ ಹೊಡೀತದೆ. ಅದಕ್ಕೆ ಇದನ್ನ ಸೀಟಿನ ಹಿಂದೆ ಲಗಾಯಿಸೋದು."

ಯಾವುದೂ ಸಾಲದೆಂದ ಮೋನಪ್ಪ. ಇವೆಲ್ಲ ತಲೆಯ ತನಕ ಬರುತ್ತವೆ, ತನಗೆ ಅದರಿಂದ ಇನ್ನೂ ಮೂರಡಿ ಮೇಲಕ್ಕೆ ಬೇಕು. ಮೇಡಂ ಅಷ್ಟು ಎತ್ತರವೇ ಎಂದು ಚೇತನ ಕೇಳಿದ.

"ಬರೇ ನಿಂತರೆ ನನ್ನಷ್ಟೇ ಮಾರಾಯ. ತಯಾರಾದ ಮೇಲೆ ನೋಡ್ಬೇಕು ನೀನು."

ಹೀಲ್ಸು, ಎಂದುಕೊಂಡಳು ಹರಿಣಿ. ಚೇತನನೂ ಹಾಗೇ ಎಂದುಕೊಂಡಿರಬೇಕು, ಹಲ್ಲು ಕಿರಿದ.

ಅವರು ತಯಾರಾಗಲು ಅರ್ಧ ದಿನ ಹಿಡಿಯುತ್ತದೆ, ಮುಖಕ್ಕೆ ಗಾಳಿ ತಾಗಿದರೆ ಮಾಡಿದ್ದೆಲ್ಲ ಒಣಗಿ ಉದುರುತ್ತದೆ ಎಂದ ಮೋನಪ್ಪ. ಮೈತುಂಬ ಆಭರಣವಿರುವುದರಿಂದ ಸೀಟ್ ಬೆಲ್ಟು ಉದ್ದದ್ದು ಬೇಕಂತೆ. ತುಟಿಯ ಬಣ್ಣ ಹತ್ತಿದರೂ ಕಾಣದಂಥ ಸೀಟ್ ಕವರು ಬೇಕಂತೆ. ಭಾನುವಾರ ಸಯನ್‌ನಿಂದ ವಿಕ್ರೋಳಿಗೆ ಹೈವೇಯಲ್ಲಿ ಹೋಗುವುದು, ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ. ಸ್ಪೋರ್ಟ್ಸ್ ಕಾರನ್ನು ಎಮ್ಮೆಯ ಹಾಗೆ ಓಡಿಸುವ ಮಾತು ಕೇಳಿ ಚೇತನನ ಮುಖ ಬಾಡಿತು. ಒಳ್ಳೆಯ ಹಾರ್ನಾದರೂ ಹಾಕಿಸಿಕೊಳ್ಳಿ ಎಂದ.

"ಹಾರ್ನ್ ಎಂತಕ್ಕೆ? ಅವರೇ ಪಕ್ಕದಲ್ಲಿ ಇರ್ತಾರಲ್ಲ. ಒಂದು ಸಲ ಬಾಯಿ ಬಿಟ್ಟರೆ ಟ್ರಕ್ಕು ಸೈಡಿಗೆ ಹೋಗ್ತದೆ."

ಅಂದರೆ ಗಯ್ಯಾಳಿ ಬೇರೆ. ಇಷ್ಟು ವರ್ಷ ಸಂಸಾರ ಮಾಡಿದ ತನ್ನನ್ನು 'ಏ' ಎನ್ನುವವನು ಅವಳನ್ನು 'ಅವರು' ಎನ್ನುತ್ತಾನೆ. ಹರಿಣಿ ಅಲ್ಲೇ ತೀರ್ಮಾನಿಸಿದಳು. ಭಾನುವಾರ ಆ ಹೆಂಗಸಿನ ಮೂಗು ಕೊಯ್ಯುವುದು. ಆಮೇಲೆ ಮೋನಪ್ಪನ ಮನೆಯ ಹೊಸ್ತಿಲು ತುಳಿಯುವುದಿಲ್ಲ, ಅಪ್ಪನ ಮನೆಯೇ ಗತಿ.

ಅಪ್ಪ ರಮಾನಾಥ ಸಯನ್‌ನಲ್ಲೇ ಒಬ್ಬರೇ ಇದ್ದರು. ಬ್ಯಾಂಕಿನಲ್ಲಿ ಕ್ಯಾಶಿಯರಾಗಿದ್ದು ನಿವೃತ್ತರಾದವರು. ಅಳಿಯ ಮಾವನಿಗೆ ಹಬ್ಬಕ್ಕೊಮ್ಮೆ ಮಾತು. ಕಳೆದ ವರ್ಷ ಅವರು ಟ್ಯಾಕ್ಸಿಯಲ್ಲಿ ಬಗ್ಗಿ ಕೂತು ಕುತ್ತಿಗೆ ಉಳುಕಿಸಿಕೊಂಡ ಮೇಲೆ, ಇನ್ನು ಮನೆ ಬಿಟ್ಟು ಕದಲುವುದಿಲ್ಲವೆಂದು ಹರಿಣಿ ದೇವರ ಮುಂದೆ ಆಣೆ ಹಾಕಿಸಿದ್ದಳು. ಈಗ ಫೋನು ಮಾಡಿ, ಭಾನುವಾರ ಬರುತ್ತೇನೆ ಎಂದಳು.

"ಭಾನುವಾರ ಬೇಡ ಮಗಾ," ಅಂದರು ಅಪ್ಪ. "ಸೊಂಟ ನೋವು. ಇಡೀ ದಿನ ಮಲಗ್ತೇನೆ."

ಪಾಪ, ಅಪ್ಪನಿಗೂ ವಯಸ್ಸಾಯಿತು ಎಂದು ಅವಳು ಇನ್ನಷ್ಟು ಅತ್ತಳು.

ಭಾನುವಾರ ಸಂಜೆ ಸಯನ್ ಸಿಗ್ನಲಿನಲ್ಲಿ ಬ್ಯಾಗು ಹಿಡಿದು ನಿಂತಳು. ದೂರದಲ್ಲಿ ಕೆಂಪು ಕಾರು ಕಂಡಿತು. ಹಿಂದೆ ಆಳೆತ್ತರದ ಗಾಳಿತಡೆ, ಸುತ್ತ ಬೈಕುಗಳ ಮೆರವಣಿಗೆ, ಎಲ್ಲರ ಕೈಯಲ್ಲೂ ಮೊಬೈಲು. ಎರಡು ಬೆಸ್ಟ್ ಸಿಟಿ ಬಸ್ಸುಗಳು ದಾರಿ ಬಿಟ್ಟು ನಿಂತವು. ಆ ಹೆಂಗಸು ಇಷ್ಟು ಪ್ರಸಿದ್ಧಳೇ ಎಂದು ಹರಿಣಿಯ ಮೈ ಉರಿಯಿತು. ಕಣ್ಣೀರಿನಲ್ಲಿ ಕೆಂಪು, ಚಿನ್ನ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕೆಂಪು ದೀಪಕ್ಕೆ ಕಾರು ನಿಂತದ್ದೇ ಓಡಿಹೋಗಿ ಬಾಗಿಲನ್ನು ಎಳೆದು ತೆಗೆದಳು.

"ಇಳಿಯೇ ಕೆಳಗೆ. ನಿನ್ನ ಮೂಗು ಕೊಯ್ತೇನೆ."

ಮೋನಪ್ಪ ಸ್ಟೀರಿಂಗಿನ ಕೆಳಗೆ ತೂರಿಕೊಂಡ. ಪಕ್ಕದ ಸೀಟಿನಲ್ಲಿ ಯಾವ ಟ್ಯಾಕ್ಸಿಯಲ್ಲೂ ಹಿಡಿಸದ ಮೂರಡಿಯ ಕಿರೀಟ, ಕೆಂಪು ಮುಖದ ತುಂಬ ಅಕ್ಕಿಹಿಟ್ಟಿನ ಬಿಳಿ ಮುಳ್ಳುಗಳು, ಕಿವಿಯ ತನಕ ಕಾಡಿಗೆ. ಯಕ್ಷಗಾನದ ಶೂರ್ಪನಖಿ ನಿಧಾನವಾಗಿ ಇತ್ತ ತಿರುಗಿತು. ಕೋರೆಹಲ್ಲಿನ ಸಂದಿಯಿಂದ ಬಂದದ್ದು ಅವಳ ಅಪ್ಪನ ದನಿ.

"ಬಾಗಿಲು ಹಾಕು ಮಗಾ, ಗಾಳಿ ಬರ್ತದೆ. ಮೂಗು ಕೊಯ್ಯಲಿಕ್ಕೆ ವಿಕ್ರೋಳಿಯಲ್ಲಿ ಲಕ್ಷ್ಮಣ ಕಾಯ್ತಿದ್ದಾನೆ."

ವಿಕ್ರೋಳಿಯ ಆಟ ಮುಗಿಯಿತು, ಕಾರೂ ಮಾರಿಹೋಯಿತು. ಮೋನಪ್ಪ ನನ್ನ ತಲೆಗೆ ಕಟ್ಟಿದ ಆ ಗಾಳಿತಡೆ ಮಾತ್ರ ನನ್ನ ಮನೆಯ ಬಾಗಿಲಿಗೆ ಅಡ್ಡವಾಗಿ ನಿಂತಿದೆ. ಕಥೆಯನ್ನು ಪುಕ್ಕಟೆಯಾಗಿ ಕೇಳಿದಿರಲ್ಲ, ಈಗ ಸುಮ್ಮನೆ ನಿಮ್ಮ ಸ್ಕೂಟರು ತನ್ನಿ, ಅದಕ್ಕೆ ಕೂರಿಸಿಬಿಡೋಣ.