ಇಟ್ಕೊ, ತಗೊ

ಬೆಳಿಗ್ಗೆ ಹನ್ನೊಂದು ಗಂಟೆ. ಹುಬ್ಬಳ್ಳಿಯ ಚಿತ್ರಕಲಾವಿದೆ ಕಸ್ತೂರಿ ಹಡಪದಳಿಗೆ ಹಸಿರು ಸಿಗಲಿಲ್ಲ. ಅಂಗಡಿಗಳಲ್ಲಿ ಬಣ್ಣ ಬರುವುದು ನಿಂತ ಮೇಲೆ ಕಲಾವಿದರು ತಾವು ಕೂಡಿಟ್ಟ ವಸ್ತುಗಳಿಂದಲೇ ಬಣ್ಣ ತೆಗೆಯುತ್ತಾರೆ. ತೆಗೆದ ಮೇಲೆ ವಸ್ತು ಬೆಳ್ಳಗಾಗುತ್ತದೆ. ಸ್ವಂತದ್ದಲ್ಲದ ವಸ್ತು ಬಣ್ಣ ಬಿಡುವುದಿಲ್ಲ.

ಅವಳ ಪೆಟ್ಟಿಗೆಯಲ್ಲಿ ಉಳಿದಿದ್ದ ಹಸಿರು ವಸ್ತು ಒಂದೇ, ಹಾಸ್ಟೆಲ್ ಗೆಳತಿ ಮೆಹಬೂಬಿ ಕೊಟ್ಟಿದ್ದ ಬಾಚಣಿಗೆ. ಎಷ್ಟು ಉಜ್ಜಿದರೂ ಕುಂಚಕ್ಕೆ ಏನೂ ಹತ್ತಲಿಲ್ಲ. ಸಂಜೆ ಐದಕ್ಕೆ ಪ್ರದರ್ಶನವಿತ್ತು, ಚಿತ್ರದ ಬೇವಿನ ಮರಕ್ಕೆ ಇನ್ನೂ ಎಲೆಯಿರಲಿಲ್ಲ. ಅವಳು ಮೆಹಬೂಬಿಗೆ ಫೋನ್ ಮಾಡಿದಳು.

"ನೀನ ಕೊಟ್ಟದ್ದಲ್ಲೇನ ಈ ಹಸಿರು ಬಾಚಣಿಗಿ? ಇಪ್ಪತ್ತು ವರ್ಷ ಆತು."

"ಇಟ್ಕೊ ಅಂದಿದ್ದೆ. ತಗೊ ಅಂದಿದ್ನೇನ?" ಮೆಹಬೂಬಿ ನಕ್ಕಳು. ಆಮೇಲೆ ಹೇಳಿದಳು, "ನಮ್ಮ ಅಮ್ಮೀದಂತ ಉಳಿದದ್ದು ಅದೊಂದ, ಕಸ್ತೂರಿ."

ಕಸ್ತೂರಿ ಒತ್ತಾಯಿಸಲಿಲ್ಲ.

"ಏನ ಬರ್ಯಾಕತ್ತಿ?" ಮೆಹಬೂಬಿಯೇ ಕೇಳಿದಳು.

"ಹಾಸ್ಟೆಲ್ ಹಿತ್ತಲ. ನಮ್ಮನ್ನ ನೋಡಾಕ ಬಂದ ನಿಮ್ಮ ಅಮ್ಮಿ ಬೇವಿನ ಗಿಡದ ಕೆಳಗ ಇದ ಬಾಚಣಿಗಿಲೆ ನನ್ನ ತಲಿ ಬಾಚಾಕತ್ತಾರ."

"ನಂದಲ್ಲೇನ?"

"ನಿನ್ನ ಪಾಳಿ ಇನ್ನೂ ಬಂದಿಲ್ಲ. ಬಾಜೂಕ ಕುಂತು ಜಗಳಾಡಾಕತ್ತಿ."

"ತಗೊ," ಎಂದಳು ಮೆಹಬೂಬಿ.

ಬಾಚಣಿಗೆ ಪೂರ್ತಿ ಬೆಳ್ಳಗಾಗಲು ಎಂಟು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಮೆಹಬೂಬಿ ಫೋನ್ ಇಡಲಿಲ್ಲ.